ಒಂದು ಲೋಟ ಅಂದರೆ ಎಷ್ಟು

ಡನೀಡನ್ನಿನಲ್ಲಿ ಸೋಮವಾರ ಬೆಳಗಾಗುವುದು
ಗಾಜಿನ ಚೂರು ಗುಡಿಸುವ ಸದ್ದಿಗೆ.
ಯಾರೋ ರಾತ್ರಿ ನಡುಬೀದಿಯಲ್ಲಿ ಸುಟ್ಟ ಸೋಫಾದ
ಸ್ಪ್ರಿಂಗುಗಳು ಇನ್ನೂ ಬೆಚ್ಚಗಿದ್ದವು.
ದಾಟಿ ಬಂದು ಕ್ಲಿನಿಕ್ಕಿನ ಬಾಗಿಲು ತೆಗೆದೆ,
ಹೀಟರು ಹಾಕಿದೆ,
ಹತ್ತು ಪ್ರಶ್ನೆಗಳ ಹಾಳೆಗಳ ಕಟ್ಟು ಬಿಚ್ಚಿದೆ.

ನೆಗಡಿಯೆಂದು ಬಂದರೂ, ಕಾಲುಳುಕಿ ಬಂದರೂ
ಈ ವರ್ಷದಿಂದ ಮೊದಲು ಹಾಳೆ, ಆಮೇಲೆ ಮಾತ್ರೆ.
ಒಟ್ಟು ಎಂಟು ದಾಟಿದರೆ ಕೂರಿಸಿ ಮಾತಾಡಬೇಕು,
ಇಪ್ಪತ್ತು ದಾಟಿದರೆ ಡಾಕ್ಟರ ಹತ್ತಿರ.
ಮಕ್ಕಳು ನಗುತ್ತಾ ತುಂಬಿ ಕೊಡುತ್ತಾರೆ.
ಕುಂಬಳಕಾಯಿ ಕಳ್ಳನೆಂದರೆ
ಹೆಗಲು ಮುಟ್ಟಿಕೊಳ್ಳುವವರೇ ಇಲ್ಲ ಇಲ್ಲಿ,
ಎಲ್ಲರ ಹೆಗಲ ಮೇಲೂ ಕುಂಬಳಕಾಯಿ.

ಮೊದಲು ಬಂದವನು ಲಾಕ್ಲನ್.
ಗೋರ್ ಕಡೆಯವನು, ಉಣ್ಣೆ ಕತ್ತರಿಸುವವರ ಮಗ,
ಎರಡನೇ ವರ್ಷ, ಓದುವುದು ಭೂಮಾಪನ.
ಗ್ಯಾರೇಜಿನ ಸೂರಿನಿಂದ ಬಿದ್ದು
ಅಂಗೈ ಸೀಳಿಕೊಂಡಿದ್ದ.
ಹೊಲಿಗೆ ಹಾಕುತ್ತಾ ಕೇಳಿದೆ,
‘ಕುಡಿಯುವ ದಿನ ಎಷ್ಟು ಲೋಟ?’
‘ಎಲ್ಲರ ಹಾಗೇ. ನಾಲ್ಕು. ಐದು.’

ಮೇಜಿನ ಮೇಲೆ ಹೂಜಿ ಇತ್ತು, ನೀರಿತ್ತು,
ಇಂಥದ್ದಕ್ಕೇ ಇಟ್ಟುಕೊಂಡ ಕೆಂಪು ಪ್ಲಾಸ್ಟಿಕ್ ಲೋಟವಿತ್ತು.
‘ಶನಿವಾರ ಸುರಿಯುವ ಹಾಗೆ ಸುರಿ ನೋಡೋಣ.’
ನೆಟ್ಟಗಿದ್ದ ಕೈಯಲ್ಲಿ ಸುರಿದ,
ಎಲ್ಲಿ ನಿಲ್ಲಿಸಬೇಕೆಂದು ಒಮ್ಮೆಯೂ ಬಗ್ಗಿ ನೋಡಲಿಲ್ಲ.
ಗೆರೆ ಕೊರೆದ ಗಾಜಿಗೆ ಬಗ್ಗಿಸಿ ತೋರಿಸಿದೆ:
ವೈನಾಗಿದ್ದರೆ ಇದು ಮೂರು.
‘ಒಂದೇ ಲೋಟ ಅಲ್ವಾ?’
‘ಲೋಟ ಒಂದೇನಪ್ಪಾ. ಕುಡಿದದ್ದು ಮೂರು.’

ಗುಡ್ಡದ ಇಳಿಜಾರನ್ನು ಅಂಗುಲದವರೆಗೆ ಅಳೆಯಬಲ್ಲ ಹುಡುಗ
ನಾಲ್ಕನ್ನು ಮೂರರಿಂದ, ಐದನ್ನು ಮೂರರಿಂದ
ಗುಣಿಸಿದ, ತುಟಿ ಅಲ್ಲಾಡಿಸುತ್ತಾ.
ನಕ್ಕ. ಆಮೇಲೆ ನಗಲಿಲ್ಲ.

ಎಂಟನೆಯ ಪ್ರಶ್ನೆ. ಹಿಂದಿನ ರಾತ್ರಿ ನಡೆದದ್ದು
ನೆನಪೇ ಆಗದ್ದು ಎಷ್ಟು ಸಲ?
ಬ್ಯಾಂಡೇಜು ನೋಡಿಕೊಂಡು ಹೇಳಿದ,
‘ಸೂರು ಹತ್ತಿದ್ದೆ ಅಂತ ನನಗೆ ಗೊತ್ತಾಗಿದ್ದೇ
ಇಮೋಜೆನ್ ಹೇಳಿದ ಮೇಲೆ.
ಹೊರಗೆ ಕೂತಿದ್ದಾಳೆ, ನನ್ನ ಜಾಕೆಟ್ಟು ಹಿಡಿದುಕೊಂಡು.
ಅವಳು ಮುಟ್ಟೋದೇ ಇಲ್ಲ.
ಮನೆಯಲ್ಲಿ ಆರು ಜನ,
ವಾಂತಿ ಒರೆಸೋದು, ಬೀಗದ ಕೈ ಹುಡುಕೋದು,
ಎಲ್ಲರನ್ನೂ ಮಗ್ಗುಲಾಗಿ ಮಲಗಿಸೋದು ಅವಳೇ.’
ಹೇಳುವಾಗ ಅವನ ದನಿಯಲ್ಲಿ
ಮನೆಗೊಂದು ಗಟ್ಟಿ ಬಾಗಿಲಿದೆ ಎಂಬ ನೆಮ್ಮದಿ.

ಅವನದು ಹದಿನಾಲ್ಕಾಯಿತು.
ಬರುವ ವಾರ ಬಾ ಎಂದೆ, ತಲೆಯಾಡಿಸಿದ.
ಬಾಗಿಲವರೆಗೆ ಹೋದೆ.

ಕುರ್ಚಿಯ ಮೇಲೆ ಜಾಕೆಟ್ಟೊಂದೇ ಇತ್ತು.
‘ಈಗ ತಾನೇ ಎದ್ದು ಹೋದಳು ನೈರೀ,’ ಎಂದಳು ಕೌಂಟರಿನವಳು,
‘ಹೊತ್ತು ಹೋಗಲ್ಲ ಅಂತ ಒಂದು ಹಾಳೆ ಇಸ್ಕೊಂಡಿದ್ದಳು.’

ಹಾಳೆ ಜಾಕೆಟ್ಟಿನ ಕೆಳಗಿತ್ತು, ನಾಲ್ಕು ಮಡಿಕೆ.
ಹೆಸರಿಲ್ಲ.
ಬೆಳಗ್ಗೆ ಎದ್ದೊಡನೆ ಒಂದು ಬೇಕೆನಿಸಿದ್ದು: ವಾರವಾರ.
ಕುಡಿದದ್ದಕ್ಕೆ ನಾಚಿಕೆಪಟ್ಟದ್ದು: ದಿನವೂ.
ಅಲ್ಲಿ ಪೆನ್ನು ಒತ್ತಿ ಕಾಗದ ತೂತಾಗಿದೆ.
ಹತ್ತನೆಯದು, ನಿಮ್ಮ ಬಗ್ಗೆ ಯಾರಾದರೂ
ಕಳವಳಪಟ್ಟಿದ್ದಾರೆಯೇ?
ಇಲ್ಲ.
ಅದರಡಿ ಎರಡು ಗೆರೆ.

ಕೂಡಿ ನೋಡಲಿಲ್ಲ. ಕಣ್ಣು ಕೂಡಿಬಿಟ್ಟಿತ್ತು.

ಲಾಕ್ಲನ್ ಒಂದೇ ಕೈಯಲ್ಲಿ ತೋಳು ತೂರಿಸುತ್ತಿದ್ದ.
ಹಾಳೆಯನ್ನು ಏಪ್ರನ್ನಿನ ಜೇಬಿಗಿಳಿಸಿದೆ.
ಕಿಟಕಿಯಾಚೆ ದಕ್ಷಿಣದ ಗಾಳಿ ಎದ್ದಿತ್ತು,
ಬೀದಿ ಕೊನೆಯವರೆಗೂ ಖಾಲಿ,
ಗುಡಿಸುವವನು ಮಾತ್ರ, ಅವನ ಪೊರಕೆ.

‘ಇಮೋಜೆನ್‌ಗೆ ಹೇಳು,’ ಎಂದೆ,
‘ಪೆನ್ನು ಮರೆತು ಹೋಗಿದ್ದಾಳೆ.
ಅವಳೇ ಬಂದು ತಗೊಂಡು ಹೋಗಲಿ,
ಯಾರ ಕೈಯಲ್ಲೂ ಕಳಿಸಲ್ಲ ನಾನು.
ಆರರವರೆಗೂ ಇರ್ತೀನಿ.’

ಪೆನ್ನು ನಮ್ಮದೇ. ಕ್ಲಿನಿಕ್ಕಿನ ಹೆಸರು ಅಚ್ಚಾಗಿದೆ ಅದರ ಮೇಲೆ,
ಅಂಥವು ಡ್ರಾಯರಿನಲ್ಲಿ ಇನ್ನೂರಿವೆ.